ಎನಿಯಾನ್‌ಗಳ ಹೆಣಿಗೆ: ನಿಮ್ಮ ಪ್ರಶ್ನೆಗೆ

ಎನಿಯಾನ್‌ಗಳನ್ನು (ತೆಳು ಪದರದಲ್ಲಿ ಮಾತ್ರ ಇರಬಲ್ಲ, ಕಣಗಳಂತೆ ವರ್ತಿಸುವ ವಸ್ತುಗಳು ಇವು) ಸುಮ್ನೆ ಜಾಗ ಬದಲಿಸಿದರೆ ಕ್ವಾಂಟಮ್ ಕಂಪ್ಯೂಟರಿನ ಲೆಕ್ಕ ಹೇಗೆ ಆಗುತ್ತದೆ ಅಂತ ಕೇಳಿದ್ದೀರಿ.

ಮೂರು ಎಳೆಯ ಜಡೆ ನೆನಪಿಸಿಕೊಳ್ಳಿ. ಯಾವ ಎಳೆ ಮೊದಲು ದಾಟಿತು ಅನ್ನುವುದರ ಮೇಲೆ ಹೆಣಿಗೆ ಬದಲಾಗುತ್ತದೆ, ಅಲ್ವಾ? ತೆಳು ಪದರದಲ್ಲಿ, ಅಂದರೆ ಎರಡೇ ಆಯಾಮದಲ್ಲಿ, ಈ ಕಣಗಳು ಓಡಾಡಿದ ದಾರಿಯೂ ಹಾಗೆಯೇ. ಯಾವುದು ಯಾವುದನ್ನು ಯಾವ ಕ್ರಮದಲ್ಲಿ ಸುತ್ತಿತು ಎಂಬುದೇ ಮಾಹಿತಿ ಹೊತ್ತ ಕ್ವಾಂಟಮ್ ಸ್ಥಿತಿಯನ್ನು ಬದಲಿಸುತ್ತದೆ; ಆ ಬದಲಾವಣೆಯೇ ಲೆಕ್ಕ. ದಾರಿ ಸ್ವಲ್ಪ ಅಂಕುಡೊಂಕಾದರೂ ಜಡೆ ಅದೇ. ಸಣ್ಣಪುಟ್ಟ ಅಡಚಣೆಗೆ ಮಾಹಿತಿ ಕೆಡದಿರುವುದು ಇದರಿಂದಲೇ. 1997ರಲ್ಲಿ ಭೌತವಿಜ್ಞಾನಿ ಅಲೆಕ್ಸೈ ಕಿಟಾಯೆವ್ ಮುಂದಿಟ್ಟ ಈ ಯೋಚನೆ ನನಗೆ ಇವತ್ತಿಗೂ ಬೆರಗು.

ಆದರೆ ಎಲ್ಲ ಎನಿಯಾನ್‌ಗಳೂ ಇದಕ್ಕೆ ಆಗುವುದಿಲ್ಲ, ನಾನ್-ಅಬೇಲಿಯನ್ ಜಾತಿಯವೇ, ಅಂದರೆ ಹೆಣೆದ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುವಂಥವೇ ಬೇಕು. ಅದರಲ್ಲೂ ಮಯೋರಾನಾ ಬಗೆಯವನ್ನು ಬರೀ ಹೆಣೆದರೆ ಎಲ್ಲ ಲೆಕ್ಕವೂ ಆಗದು. ಫಿಬೊನಾಚಿ ಬಗೆಯವಾದರೆ ಹೆಣಿಗೆಯೊಂದೇ ಸಾಕು.