ಗ್ರಾಹಕ ಆಯೋಗದ ನೋಟಿಸ್‌ಗೆ ಕಂಪನಿ ಉತ್ತರವನ್ನೇ ಕೊಡದಿದ್ದರೆ ಕೇಸ್ ಏನಾಗುತ್ತದೆ?

ಕೇಸ್ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಂ ಪ್ರಕಾರ ತಕರಾರು (ಲಿಖಿತ ಉತ್ತರ) ಸಲ್ಲಿಸಲು ಎದುರುದಾರರಿಗೆ, ಅಂದರೆ ಕಂಪನಿಗೆ, 30 ದಿನ. ಆಯೋಗ ಒಪ್ಪಿದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಹೆಚ್ಚಿಸುವಂತಿಲ್ಲ ಎಂದು ಹಳೆಯ ಕಾಯ್ದೆಯ ಇಂಥದ್ದೇ ಕಲಂ ಕುರಿತು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿತು (ಹಿಲ್ಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್ ಪ್ರಕರಣ). ಆದರೆ ಲೆಕ್ಕ ಶುರುವಾಗುವುದು ದೂರಿನ ಪ್ರತಿಯೂ ನೋಟಿಸ್ ಜೊತೆಗೆ ತಲುಪಿದ ದಿನದಿಂದ. ಹಾಗಾಗಿ ಅಂಚೆ ಸ್ವೀಕೃತಿ ಜೋಪಾನ.

ಎದುರುದಾರರು ಗೈರಾದರೆ ಆಯೋಗ ನಿಮ್ಮ ಸಾಕ್ಷ್ಯದ ಮೇಲೆಯೇ ತೀರ್ಪು ಕೊಡುತ್ತದೆ. ಅಷ್ಟಕ್ಕೇ ಗೆದ್ದೆವು ಅಂದುಕೊಳ್ಳಬೇಡಿ. ದೋಷ ರುಜುವಾತುಪಡಿಸುವ ಹೊರೆ ದೂರುದಾರರದ್ದೇ: ಬಿಲ್, ವಾರಂಟಿ, ರಿಪೇರಿಯ ಜಾಬ್ ಶೀಟ್, ಪ್ರಮಾಣಪತ್ರ (ಅಫಿಡವಿಟ್) ಬೇಕು. ತಯಾರಿಕೆಯಲ್ಲೇ ದೋಷ ಎನ್ನುವವರು ತಜ್ಞರ ವರದಿಯನ್ನೋ ಲ್ಯಾಬ್ ಪರೀಕ್ಷೆಯನ್ನೋ ಮೊದಲೇ ಆಯೋಗದಲ್ಲಿ ಕೇಳಿಕೊಳ್ಳಿ. ಹೆಚ್ಚಾಗಿ ಎಡವುವುದು ಇಲ್ಲೇ.