ಲಾಸ್ ಏಂಜಲೀಸ್‌ನ ನೆರೆಹೊರೆ ಕೌನ್ಸಿಲ್‌ಗಳಿಗೆ ಪಾರ್ಕು, ಬೀದಿದೀಪ ಸರಿಮಾಡಿಸುವ ಅಧಿಕಾರ ಇದೆಯಾ?

ಇವು ಬಡಾವಣೆ ಮಟ್ಟದ ಸ್ಥಳೀಯ ಸಮಿತಿಗಳು; ಇವಕ್ಕೆ ನೇರ ಅಧಿಕಾರ ಇಲ್ಲ. ಮುರಿದ ಬೆಂಚು, ಉರಿಯದ ದೀಪ ರಿಪೇರಿ ಮಾಡುವುದು ನಗರಾಡಳಿತದ ಇಲಾಖೆಗಳೇ. 1999ರಲ್ಲಿ ಮತದಾರರು ಒಪ್ಪಿದ ಹೊಸ ನಗರ ಚಾರ್ಟರ್ (ನಗರಾಡಳಿತದ ಮೂಲ ಕಾನೂನು) ಈ ಕೌನ್ಸಿಲ್‌ಗಳಿಗೆ ಕೊಟ್ಟದ್ದು ಸಲಹೆ ಹೇಳುವ ಕೆಲಸ. ಸದಸ್ಯರಿಗೆ ಸಂಬಳವೂ ಇಲ್ಲ.

ಹಾಗಂತ ಸುಮ್ನೆ ಹರಟೆಕಟ್ಟೆ ಅಂದುಕೊಳ್ಳಬೇಡಿ. ಇಡೀ ನಗರದ ಆಡಳಿತ ಮಂಡಳಿಯಾದ ಸಿಟಿ ಕೌನ್ಸಿಲ್ ಮುಂದಿರುವ ವಿಷಯದ ಬಗ್ಗೆ ಇವರು ಬರೆದು ಕಳಿಸಿದ ಅಭಿಪ್ರಾಯ ಆ ಫೈಲಿಗೇ ಸೇರುತ್ತದೆ. ವರ್ಷಕ್ಕೊಮ್ಮೆ ನಗರದಿಂದ ಸ್ವಲ್ಪ ಹಣವೂ ಬರುತ್ತದೆ. ಆದರೆ ಅದರಲ್ಲಿ ದೊಡ್ಡ ಕಾಮಗಾರಿ ಆಗದು.

ಹೊಸಬರು ಎಡವುವುದು ಅಜೆಂಡಾದಲ್ಲಿ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ನೀವು ಸಭೆಗೆ ಬಂದು ಎದ್ದು ನಿಂತು, 'ಮಕ್ಕಳ ಉಯ್ಯಾಲೆಯ ಸರಪಳಿ ಕಿತ್ತಿದೆ' ಅಂದರೆ ಕೇಳಿಸಿಕೊಳ್ಳುತ್ತಾರೆ. ಆದರೆ ಅಜೆಂಡಾದಲ್ಲಿ ಇಲ್ಲದ್ದರ ಮೇಲೆ ಅವತ್ತೇ ಮತ ಹಾಕುವಂತಿಲ್ಲ. ಸಿಟ್ಟು ಬರುತ್ತೆ, ಅಲ್ವಾ? ಆದರೆ ಯಾರಿಗೂ ಗೊತ್ತಾಗದಂತೆ ತೀರ್ಮಾನ ಆಗಬಾರದು ಅಂತಲೇ ಈ ನಿಯಮ.

ಅದಕ್ಕೇ ಸಭೆಗೆ ಮೊದಲೇ ಒಬ್ಬ ಸದಸ್ಯರಿಗೆ ಇಮೇಲ್ ಮಾಡಿ, ವಿಷಯವನ್ನು ಅಜೆಂಡಾಕ್ಕೆ ಸೇರಿಸಲು ಕೇಳಿ. ಜೊತೆಗೆ ನಗರದ ದೂರು ಸೇವೆಯಾದ 311ಕ್ಕೂ ದೂರು ಕೊಡಿ. ಬರೀ ಉಯ್ಯಾಲೆ ರಿಪೇರಿಯಾದರೆ ಅದೇ ಬೇಗದ ದಾರಿ.