ವನ್ಯಜೀವಿ ಛಾಯಾಗ್ರಹಣ: ದೊಡ್ಡ ಸೆನ್ಸರ್ ಮೊದಲೋ, ಉದ್ದದ ಲೆನ್ಸ್ ಮೊದಲೋ?

ಪ್ರಶ್ನೆ: ನಾನು ಮಂಡ್ಯದಲ್ಲಿ ಪ್ರೌಢಶಾಲಾ ಶಿಕ್ಷಕ. ನನ್ನ ಬಳಿ 24 ಮೆಗಾಪಿಕ್ಸೆಲ್‌ನ, ಎಪಿಎಸ್‌-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ (ಬಿಂಬ ಮೂಡುವ ಫಲಕದ) ಡಿಎಸ್‌ಎಲ್‌ಆರ್ ಕ್ಯಾಮೆರಾ ಹಾಗೂ 70–300 ಮಿ.ಮೀ. ಲೆನ್ಸ್ ಇವೆ. ರಜೆ ಸಿಕ್ಕಾಗಲೆಲ್ಲ ರಂಗನತಿಟ್ಟು, ಕೊಕ್ಕರೆ ಬೆಳ್ಳೂರಿಗೆ ಹೋಗುತ್ತೇನೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನಾಗರಹೊಳೆಗೆ. ರಂಗನತಿಟ್ಟಿನ ಹಕ್ಕಿಗಳು ಚಿತ್ರದಲ್ಲಿ ತೀರಾ ಚಿಕ್ಕದಾಗಿ, ಕಾಳುಕಾಳಾಗಿ ಬರುತ್ತವೆ. ಇದಕ್ಕಿಂತ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ ಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ ಸ್ನೇಹಿತರು. ಕ್ಯಾಮೆರಾ, ಲೆನ್ಸ್ ಎರಡನ್ನೂ ಕೊಳ್ಳುವಷ್ಟು ಹಣವಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಲೆನ್ಸನ್ನು ಕೊಳ್ಳಿ. ಈಗಿರುವ ಲೆನ್ಸಿಗೆ ಫುಲ್‌ಫ್ರೇಮ್ ಕ್ಯಾಮೆರಾ ಜೋಡಿಸಿದರೆ ಚಿತ್ರದಲ್ಲಿ ನಿಮ್ಮ ಹಕ್ಕಿ ಇನ್ನಷ್ಟು ಚಿಕ್ಕದಾಗುತ್ತದೆ. ಕಾರಣವನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ರಂಗನತಿಟ್ಟಿನ ದೋಣಿಯಲ್ಲಿ ಕುಳಿತು 25 ಮೀಟರ್ ದೂರದ ಬಂಡೆಯ ಮೇಲಿರುವ ನದಿ ರೀವವೊಂದನ್ನು (ರಿವರ್ ಟರ್ನ್ ಹಕ್ಕಿಯನ್ನು) ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅದರ ಉದ್ದ ಸುಮಾರು 40 ಸೆಂ.ಮೀ. ನಿಮ್ಮ 300 ಮಿ.ಮೀ. ಲೆನ್ಸ್ ಆ ಹಕ್ಕಿಯ ಬಿಂಬವನ್ನು 4.8 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. ಹಿಂದಿರುವ ಸೆನ್ಸರ್ ದೊಡ್ಡದಿರಲಿ, ಚಿಕ್ಕದಿರಲಿ, ಬಿಂಬದ ಅಳತೆ ಬದಲಾಗುವುದಿಲ್ಲ. ಎಪಿಎಸ್‌-ಸಿ ಸೆನ್ಸರಿನಲ್ಲಿ 300 ಮಿ.ಮೀ. ಲೆನ್ಸ್ 450 ಆಗುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆದರೆ ಅಲ್ಲಿ ಅಂಚುಗಳು ಕತ್ತರಿಸಿ ಹೋಗುತ್ತವೆಯೇ ಹೊರತು ಲೆನ್ಸೇನೂ ಉದ್ದವಾಗುವುದಿಲ್ಲ. ನಿಮ್ಮ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ.; ಆ ಅಗಲದಲ್ಲಿ 6,000 ಪಿಕ್ಸೆಲ್‌ಗಳಿವೆ. ಅಂದರೆ ರೀವದ ಪಾಲಿಗೆ ಸುಮಾರು 1,225 ಪಿಕ್ಸೆಲ್ ಸಿಗುತ್ತದೆ. ಅದೇ 6,000 ಪಿಕ್ಸೆಲ್‌ಗಳು 36 ಮಿ.ಮೀ. ಅಗಲದ ಫುಲ್‌ಫ್ರೇಮಿನಲ್ಲಿ ಹರಡಿಕೊಂಡಾಗ ಅದೇ ಹಕ್ಕಿಗೆ ದಕ್ಕುವುದು 800 ಮಾತ್ರ. ನಿಮ್ಮ ಈಗಿನ ಕ್ಯಾಮೆರಾಕ್ಕೇ 600 ಮಿ.ಮೀ. ತಲುಪುವ ಲೆನ್ಸ್ ಹಾಕಿದರೆ ಅದು 2,450ಕ್ಕೆ ಏರುತ್ತದೆ.

ಚಿತ್ರ ಕಾಳುಕಾಳಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ದೂರದ ಹಕ್ಕಿಯಿಂದ ಎಷ್ಟು ಬೆಳಕು ಕ್ಯಾಮೆರಾದೊಳಗೆ ಬರಬೇಕೆಂಬುದನ್ನು ತೀರ್ಮಾನಿಸುವುದು ಲೆನ್ಸಿನ ಕಿಂಡಿ. 300 ಮಿ.ಮೀ.ನಲ್ಲಿ ಎಫ್ 5.6 ಎಂದರೆ ಆ ಕಿಂಡಿಯ ವ್ಯಾಸ, 300ನ್ನು 5.6ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 54 ಮಿ.ಮೀ.; 600 ಮಿ.ಮೀ.ನಲ್ಲಿ ಎಫ್ 6.3 ಎಂದರೆ 95 ಮಿ.ಮೀ. ಷಟರ್ ವೇಗ ಒಂದೇ ಇದ್ದರೆ, ಹಕ್ಕಿಯ ಮೈಯಿಂದ ಬಂದ ಬೆಳಕನ್ನು ಎರಡನೆಯದು ಮೂರು ಪಟ್ಟಿಗಿಂತ ಹೆಚ್ಚು ಹಿಡಿಯುತ್ತದೆ. ಫುಲ್‌ಫ್ರೇಮಿನಲ್ಲಿ ತೆಗೆದ ಚಿತ್ರವನ್ನು ಹಕ್ಕಿಯ ಸುತ್ತ ಕತ್ತರಿಸಿದ ಮೇಲೆ ಉಳಿಯುವುದೂ ಚಿಕ್ಕ ಸೆನ್ಸರಿನಷ್ಟೇ ಜಾಗ, ಹೆಚ್ಚುಕಡಿಮೆ ಅಷ್ಟೇ ಬೆಳಕು. ಇನ್ನೊಂದು ಮಾತು: ನಿಮ್ಮ 70–300 ಲೆನ್ಸ್ ಚಿಕ್ಕ ಸೆನ್ಸರಿಗೆಂದೇ ತಯಾರಾದದ್ದಾಗಿದ್ದರೆ, ಫುಲ್‌ಫ್ರೇಮಿಗೆ ಜೋಡಿಸಿದಾಗ ಚಿತ್ರದ ಮೂಲೆಗಳು ಕಪ್ಪಾಗುತ್ತವೆ ಅಥವಾ ಕ್ಯಾಮೆರಾ ತಾನಾಗಿಯೇ ನಡುವಿನ ಭಾಗವನ್ನಷ್ಟೇ ಬಳಸುತ್ತದೆ.

ಹಾಗೆಂದು ದೊಡ್ಡ ಸೆನ್ಸರ್ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಪ್ರಾಣಿ ಹತ್ತಿರದಲ್ಲಿದ್ದು ಚೌಕಟ್ಟು ತುಂಬುವಾಗ ಅದರ ಬೆಲೆ ತಿಳಿಯುತ್ತದೆ. ಕಬಿನಿ ಹಿನ್ನೀರಿನ ದಡದಲ್ಲಿ ಸಂಜೆ ಆನೆಗಳು ಜೀಪಿನ ಸಮೀಪವೇ ನಿಂತಿರುತ್ತವೆ, ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತಿರುತ್ತದೆ. ಆಗ 864 ಚದರ ಮಿ.ಮೀ. ಸೆನ್ಸರಿಗೂ ಸುಮಾರು 366 ಚದರ ಮಿ.ಮೀ. ಸೆನ್ಸರಿಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಫುಲ್‌ಫ್ರೇಮಿನಲ್ಲಿ ಐಎಸ್‌ಒ (ಬೆಳಕು ಕಡಿಮೆಯಾದಾಗ ಏರಿಸುವ ಅಂಕಿ; ಏರಿದಷ್ಟೂ ಚಿತ್ರ ಕಾಳುಕಾಳು) 6400ರಲ್ಲಿ ತೆಗೆದ ಚಿತ್ರ, ನಿಮ್ಮ ಕ್ಯಾಮೆರಾದ ಸುಮಾರು 2,700ರ ಚಿತ್ರದಷ್ಟು ಸ್ವಚ್ಛವಾಗಿರುತ್ತದೆ. 45 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಆದರಂತೂ, ಎಪಿಎಸ್‌-ಸಿ ಅಳತೆಗೆ ಕತ್ತರಿಸಿದರೂ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಬೇರೆಯೇ. ಇನ್ನು ಮೈಕ್ರೋ ಫೋರ್ ಥರ್ಡ್ಸ್ ಎಂಬ, 17.3 x 13 ಮಿ.ಮೀ.ನ ಚಿಕ್ಕ ಸೆನ್ಸರ್, ಭಾರ ಹೊರಲಾಗದವರಿಗೆ ಒಳ್ಳೆಯದು. ನಿಮಗೆ ಈಗ ಅದರ ಅಗತ್ಯ ಕಾಣುವುದಿಲ್ಲ.

ಕೊಳ್ಳುವ ಮುನ್ನ ಒಂದು ಸಂಜೆ ಕುಳಿತು ನಿಮ್ಮದೇ ಕಳೆದ ಇನ್ನೂರು ಚಿತ್ರಗಳನ್ನು ತೆರೆದು ನೋಡಿ. ಪ್ರತಿ ಚಿತ್ರದ ಜೊತೆಗೂ ಅದನ್ನು ತೆಗೆದ ಮಿ.ಮೀ. ಮತ್ತು ಐಎಸ್‌ಒ ದಾಖಲಾಗಿರುತ್ತವೆ. ಹೆಚ್ಚಿನವು 300ರಲ್ಲೇ ತೆಗೆದು, ಅರ್ಧಕ್ಕಿಂತ ಹೆಚ್ಚು ಕತ್ತರಿಸಿದವಾಗಿದ್ದರೆ ನನ್ನ ಉತ್ತರ ನಿಮಗೆ ಹೊಂದುತ್ತದೆ. ಹೆಚ್ಚಿನವು ಚೌಕಟ್ಟು ತುಂಬಿಯೂ ಐಎಸ್‌ಒ 6400ರ ಆಸುಪಾಸಿನಲ್ಲಿದ್ದರೆ ಸ್ನೇಹಿತರ ಮಾತೇ ಸರಿ. ಕೊಕ್ಕರೆ ಬೆಳ್ಳೂರಿನ ಚಿತ್ರಗಳನ್ನು ಈ ಎಣಿಕೆಯಿಂದ ಬಿಟ್ಟುಬಿಡಿ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವ ಆ ಊರಿನಲ್ಲಿ ಈಗಿನ ಲೆನ್ಸೇ ಸಾಕು.

ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150–600 ಮಿ.ಮೀ. ಲೆನ್ಸ್‌ಗಳು ನಿಮ್ಮ ಅಗತ್ಯಕ್ಕೆ ಹೊಂದುತ್ತವೆ. ಇವುಗಳ ತೂಕ ಸುಮಾರು ಎರಡು ಕಿಲೋ ಇರುವುದರಿಂದ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದು, ದೋಣಿಯಲ್ಲಿ ಕೈಯಲ್ಲೇ ಹಿಡಿದು ನೋಡಿ. ದೋಣಿ ಅಲುಗಾಡುವುದರಿಂದ ಷಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗಿಳಿಯದಿರಲಿ. ಹಾರುವ ರೀವಕ್ಕೆ 1/2000 ಬೇಕು. ಹೋಗುವುದಿದ್ದರೆ ಬೆಳಗಿನ ಮೊದಲ ದೋಣಿಗೇ ಹೋಗಿ. ಬಿಸಿಲೇರಿ ಬಂಡೆ ಕಾದು ಅದರ ಮೇಲಿನ ಗಾಳಿ ನಡುಗತೊಡಗಿದ ಮೇಲೆ, 600 ಮಿ.ಮೀ.ನಲ್ಲಿ ರೀವದ ಕಣ್ಣು ಯಾವ ಸೆನ್ಸರಿನಲ್ಲೂ ಚೂಪಾಗಿ ಮೂಡುವುದಿಲ್ಲ.